ಎಂಎಲ್‌ಬಿ ದಿ ಶೋ ಚಾಲೆಂಜ್ ಮುಗಿಸುವುದು ಹೇಗೆ? ಆಡಿದವರು ಹೇಳಿ

ಸುರತ್ಕಲ್‌ನಿಂದ ಪ್ರಶ್ನೆ:
ಪಿಎಸ್5ನಲ್ಲಿ ಎಂಎಲ್‌ಬಿ ದಿ ಶೋ ಎಂಬ ಬೇಸ್‌ಬಾಲ್ ವಿಡಿಯೋ ಗೇಮ್ ಆಡಲು ಶುರು ಮಾಡಿದ್ದೇನೆ. ಗೊತ್ತಿರುವುದು ಕ್ರಿಕೆಟ್ ಮಾತ್ರ, ಬೇಸ್‌ಬಾಲ್ ಹೊಸತು. ಡೈಮಂಡ್ ಡೈನಾಸ್ಟಿ (ಆಟಗಾರರ ಕಾರ್ಡ್ ಕೂಡಿಸಿ ಟೀಮ್ ಕಟ್ಟುವ ಮೋಡ್) ಒಳಗಿನ ಮೊಮೆಂಟ್ಸ್‌ನಲ್ಲಿ 'ಒಂದು ಹಿಟ್' (ಹೊಡೆದು ಬೇಸ್ ತಲುಪುವುದು), 'ಒಂದು ಹೋಮ್ ರನ್' (ಬಾಲ್ ಬೇಲಿ ದಾಟಿಸುವುದು) ಅನ್ನುವ ಸಣ್ಣ ಚಾಲೆಂಜ್‌ಗಳೂ ಮುಗಿಯುತ್ತಿಲ್ಲ. ದುಡ್ಡು ಕೊಟ್ಟು ಸ್ಟಬ್ಸ್ (ಆಟದೊಳಗಿನ ನಾಣ್ಯ) ತೆಗೆದುಕೊಳ್ಳುವ ಮನಸ್ಸಿಲ್ಲ. ಎಂತ ಮಾಡುವುದು?

ಉಡುಪಿಯಿಂದ:
ತಮ್ಮಾ, ಮೊದಲು ಬಾಲ್ ಬಿಡುವುದನ್ನು ಕಲಿ. ನಮ್ಮ ಊರಲ್ಲಿ ಅಂಡರ್‌ಆರ್ಮ್ ಆಡಿ ಬೆಳೆದವರಿಗೆ ಇದೇ ಕಷ್ಟ, ಅಲ್ವಾ? ಇರುವುದೇ ನಾಲ್ಕು ಓವರ್, ಹಾಗಾಗಿ ಬಂದದ್ದಕ್ಕೆಲ್ಲ ಬ್ಯಾಟ್ ಬೀಸಿ ಅಭ್ಯಾಸ. ಇಲ್ಲಿ ಸ್ಟ್ರೈಕ್ ಝೋನ್‌ನಿಂದ (ಹೋಮ್ ಪ್ಲೇಟ್ ಮೇಲೆ, ಬ್ಯಾಟರ್‌ನ ಮೊಣಕಾಲಿನಿಂದ ಎದೆಯವರೆಗಿನ ಚೌಕ) ಹೊರಗೆ ಹೋದದ್ದನ್ನು ಬಿಟ್ಟರೆ ಲಾಭ ನಿನಗೇ. ಅಂಥದ್ದಕ್ಕೆ 'ಬಾಲ್' ಅನ್ನುತ್ತಾರೆ, ನಾಲ್ಕಾದರೆ ಸುಮ್ನೆ ಫಸ್ಟ್ ಬೇಸ್‌ಗೆ ನಡೆದು ಹೋಗಬಹುದು, ಅದೇ ವಾಕ್. ಝೋನ್ ಒಳಗೆ ಬಂದದ್ದನ್ನು ಬಿಟ್ಟರೆ ಅಥವಾ ಬೀಸಿ ತಪ್ಪಿದರೆ ಸ್ಟ್ರೈಕ್, ಮೂರು ಸ್ಟ್ರೈಕ್ ಆದರೆ ಔಟ್.

ಪ್ರತಿ ಪಿಚ್‌ಗೂ (ಇಲ್ಲಿ ಪಿಚ್ ಅಂದರೆ ಪಿಚರ್ ಹಾಕುವ ಎಸೆತ) ಮುಂಚೆ ಕೌಂಟ್ ನೋಡು. ಮೊದಲಿನ ಅಂಕಿ ಬಾಲ್, ಎರಡನೆಯದು ಸ್ಟ್ರೈಕ್. 2-0 ಅಥವಾ 3-1 ಇದ್ದರೆ ಪಿಚರ್ ಇಕ್ಕಟ್ಟಿನಲ್ಲಿ ಇದ್ದಾನೆ ಎಂದು ಅರ್ಥ. ಆಗ ಝೋನ್ ಒಳಗೆ ಫಾಸ್ಟ್‌ಬಾಲ್ ಬರುವುದೇ ಜಾಸ್ತಿ. ಅದೊಂದಕ್ಕೇ ಕಾದು ಬೀಸು. 0-2 ಆದರೆ ಪೂರಾ ಉಲ್ಟಾ. ಸ್ಲೈಡರ್, ಕರ್ವ್‌ಬಾಲ್ ಬರುತ್ತವೆ. ನೇರ ಬಂದ ಹಾಗೆ ಕಾಣಿಸಿ ಕೊನೆಗೆ ಕೆಳಗೆ ಜಾರುತ್ತವೆ.

ವಾಕ್ ಸಿಕ್ಕಿದರೆ ಹೋಮ್ ರನ್ ಚಾಲೆಂಜ್ ಮುಗಿಯುವುದಿಲ್ಲ, ಅದು ನಿಜ. ಆದರೆ ಮೊಮೆಂಟ್ಸ್‌ನಲ್ಲಿ ಸೋತರೆ ಏನೂ ಹೋಗುವುದಿಲ್ಲ, ಮತ್ತೆ ಶುರು ಮಾಡಿದರಾಯಿತು. ಕೆಟ್ಟ ಪಿಚ್‌ಗೆ ಬೀಸಿ ಗ್ರೌಂಡ್‌ಬಾಲ್ (ನೆಲದಲ್ಲೇ ಉರುಳುವ ಹೊಡೆತ) ಹೊಡೆಯುವುದಕ್ಕಿಂತ ವಾಕ್ ಆಗಿ ಮತ್ತೆ ಶುರು ಮಾಡುವುದೇ ಒಳ್ಳೆಯದು.

ಬಟನ್ ವಿಷಯ. ಬರೀ ಹಿಟ್ ಬೇಕಿದ್ದರೆ ಸರ್ಕಲ್ ಒತ್ತು, ಅದು ಕಾಂಟ್ಯಾಕ್ಟ್ ಸ್ವಿಂಗ್. ಪಿಸಿಐ (ಬ್ಯಾಟ್ ತಾಗುವ ಜಾಗ ತೋರಿಸುವ ಗುರುತು) ದೊಡ್ಡದಾಗುತ್ತದೆ, ಬ್ಯಾಟಿಗೆ ತಾಗುವುದು ಸುಲಭ. ಸ್ಕ್ವೇರ್ ಪವರ್ ಸ್ವಿಂಗ್, ಅದರಲ್ಲಿ ಪಿಸಿಐ ಚಿಕ್ಕದು. ಬ್ಯಾಟರ್‌ಗೆ ಪವರ್ ಚೆನ್ನಾಗಿದ್ದರೆ ಹೋಮ್ ರನ್‌ಗೂ ಎಕ್ಸ್‌ನ ಮಾಮೂಲಿ ಸ್ವಿಂಗ್ ಸಾಕು ಅನ್ನುವುದು ನನ್ನ ಅನುಭವ.

ಕದ್ರಿಯಿಂದ:
ಉಡುಪಿ ಅಣ್ಣ ಹೇಳಿದ್ದು ಸರಿ. ಪಿಸಿಐ ಮಾತು ಬಂತಲ್ಲ, ಅದು ಕಾಣುವುದು ಝೋನ್ ಹಿಟ್ಟಿಂಗ್‌ನಲ್ಲಿ. ಎಡಗಡೆ ಸ್ಟಿಕ್‌ನಿಂದ ಅದನ್ನು ಪಿಚ್ ಬರುವ ಜಾಗಕ್ಕೆ ಒಯ್ಯಬೇಕು, ಅದೇ ಹೊತ್ತಿಗೆ ಬಟನ್ ಕೂಡ ಒತ್ತಬೇಕು. ಹೊಸಬರಿಗೆ ಎರಡೂ ಒಟ್ಟಿಗೆ ಆಗುವುದಿಲ್ಲ ಮಾರಾಯ್ರೆ. ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಟೈಮಿಂಗ್ ಅಥವಾ ಡೈರೆಕ್ಷನಲ್ ಹಾಕಿಕೊಳ್ಳಿ, ಅವುಗಳಲ್ಲಿ ಪಿಸಿಐ ಒಯ್ಯುವ ಕೆಲಸ ಇಲ್ಲ. ಬೇಗ ಬೀಸಿದೆನಾ, ತಡವಾಯಿತಾ ಎಂದು ಆಟವೇ ತೋರಿಸುತ್ತದೆ. ಅದನ್ನು ಒಂದೊಂದು ಸಲವೂ ಓದಿ. ಫಾಸ್ಟ್‌ಬಾಲ್‌ಗೆ ತಡ, ಚೇಂಜ್‌ಅಪ್‌ಗೆ (ಫಾಸ್ಟ್‌ಬಾಲ್ ಹಾಗೆ ಕಂಡು ನಿಧಾನ ಬರುವ ಎಸೆತ) ಬೇಗ ಆಗುವುದು ಎಲ್ಲರಿಗೂ ಉಂಟು. ಕಣ್ಣು ಪಳಗಿದ ಮೇಲೆ ಝೋನ್‌ಗೆ ಬನ್ನಿ. ಕೊನೆಗೆ ಬರಲೇಬೇಕು, ಏಕೆಂದರೆ ಹಿಡಿತ ಜಾಸ್ತಿ ಸಿಗುವುದು ಅದರಲ್ಲೇ.

ಮಣಿಪಾಲದಿಂದ:
ಸ್ಟಬ್ಸ್‌ಗೆ ದುಡ್ಡು ಹಾಕಬೇಡಿ, ಖಂಡಿತ ಬೇಡ. ಮೊಮೆಂಟ್ಸ್‌ನಲ್ಲಿ ಸಿಕ್ಕಿಬಿದ್ದರೆ ಕಾಂಕ್ವೆಸ್ಟ್‌ಗೆ (ಮ್ಯಾಚ್ ಗೆದ್ದು ಮ್ಯಾಪ್‌ನಲ್ಲಿ ಜಾಗ ಹಿಡಿಯುವ ಮೋಡ್) ಹೋಗಿ. ಅಲ್ಲಿ ಒಂದು ಮ್ಯಾಚ್ ಅಂದರೆ 3 ಇನ್ನಿಂಗ್ಸ್ ಅಷ್ಟೇ, ಊಟಕ್ಕೆ ಕರೆಯುವ ಮುಂಚೆ ಮುಗಿಯುತ್ತದೆ. ಫ್ಯಾನ್ಸ್ ಕದಿಯುವ (ಎದುರಾಳಿಯ ಅಭಿಮಾನಿಗಳನ್ನು ನಮ್ಮ ಕಡೆ ಸೆಳೆಯುವ) ಮ್ಯಾಚ್‌ಗಳನ್ನು ರೂಕಿ ಎಂಬ ಸುಲಭ ಮಟ್ಟದಲ್ಲಿ ಆಡಬಹುದು, ಪಿಚ್ ನಿಧಾನ ಬರುತ್ತದೆ. ಒಂದು ಉಪಾಯ: ಯಾವ ಪ್ರೋಗ್ರಾಂನಲ್ಲಿ (ಗುರಿ ಮುಗಿಸಿದರೆ ಬಹುಮಾನ ಕೊಡುವ ಪಟ್ಟಿ) ಯಾವ ಆಟಗಾರರ ಹಿಟ್ ಕೇಳಿದ್ದಾರೆ ಎಂದು ಮೊದಲೇ ನೋಡಿ, ಅವರನ್ನೇ ಟೀಮಿಗೆ ಹಾಕಿಕೊಂಡು ಕಾಂಕ್ವೆಸ್ಟ್ ಆಡಿ. ಮ್ಯಾಪ್ ಕೂಡ ಮುಗಿಯುತ್ತದೆ, ಆ ಲೆಕ್ಕವೂ ತುಂಬುತ್ತದೆ.

ಮತ್ತೆ, ಟಿವಿಯಲ್ಲಿ ಗೇಮ್ ಮೋಡ್ ಆನ್ ಉಂಟಾ ನೋಡಿ. ಆಫ್ ಇದ್ದರೆ ಬಟನ್ ಒತ್ತಿದ್ದು ಸ್ಕ್ರೀನಿಗೆ ತಡವಾಗಿ ತಲುಪುತ್ತದೆ. ಆಗ ನೀವು ಎಷ್ಟು ಸರಿಯಾಗಿ ಬೀಸಿದರೂ ಆಟ 'ಲೇಟ್' ಎಂದೇ ತೋರಿಸುತ್ತದೆ.