‘ಜೀತಕ್ಕಿದ್ದ’: ಇಲ್ಲಿ ಜೀತ ಅಂದರೆ ಕೆಲಸವೋ, ಕೂಲಿಯೋ?

ಬಡತನದಲ್ಲಿ ಬೆಳೆದವರ ಆತ್ಮಕಥೆಗಳನ್ನು ಓದುವಾಗ ಒಂದು ಮಾತು ಮತ್ತೆ ಮತ್ತೆ ಸಿಗುತ್ತದೆ. ‘ಅಣ್ಣ ಗೌಡರ ಮನೇಲಿ ಜೀತಕ್ಕಿದ್ದ.’ ಇಲ್ಲವೇ ‘ಸಂಬಳಕ್ಕಿದ್ದ.’ ಊರಿನ ಕಡೆಯವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಪೇಟೆಯಲ್ಲಿ ಬೆಳೆದ ಓದುಗರು ಮಾತ್ರ ಸಂಬಳ ಅಂದ ತಕ್ಷಣ ನೌಕರಿ ಅಂದುಕೊಂಡು ಮುಂದೆ ಹೋಗುತ್ತಾರೆ. ನನ್ನ ಪ್ರಶ್ನೆ ಆ ‘ಕ್ಕೆ’ ಬಗ್ಗೆ.

ಕೂಲಿಗೆ ಹೋದ ಅಂದರೆ ಕೂಲಿ ದುಡ್ಡಿಗಾಗಿ ಹೋದ. ಸಂಬಳಕ್ಕಿದ್ದ ಅಂದರೆ ಸಂಬಳಕ್ಕಾಗಿ ಇದ್ದ. ಹಾಗಾದರೆ ಜೀತಕ್ಕಿದ್ದ ಅಂದರೂ ಜೀತಕ್ಕಾಗಿ ಇದ್ದ ಅಂತಲೇ ಆಗಬೇಕು, ಅಲ್ವಾ? ಆಗ ಜೀತ ಕೆಲಸದ ಹೆಸರಲ್ಲ, ಕೆಲಸಕ್ಕೆ ಸಿಗುವುದರ ಹೆಸರು. 1894ರ ಕಿಟೆಲ್ ನಿಘಂಟಿನಲ್ಲೂ ಅದು ‘ಜೀವಿತ’ದ ತದ್ಭವ, ಅರ್ಥ ವೇತನ. ತೆಲುಗಿನಲ್ಲಿ ಇವತ್ತಿಗೂ ಜೀತಂ ಅಂದರೆ ಸಂಬಳ. ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ತಿಂಗಳ ಕೊನೆಗೆ ಕಾಯುವುದು ಜೀತಕ್ಕೇ. (ನಮ್ಮ ಬೆಂಗಳೂರಿನವರು ಇದನ್ನು ಕೇಳಿ ನಗುತ್ತಾರೆ. ಕೆಲವರು ನಗುವುದಿಲ್ಲ.)

ಆದರೆ ‘ಹತ್ತು ವರ್ಷ ಜೀತ ಮಾಡಿದ’ ಅನ್ನುವಾಗ ಅದು ಕೆಲಸವೇ. ಕೂಲಿಗೂ ಹೀಗೇ ಆಯಿತು. ಕೂಲಿಗೆ ಹೋದ, ಕೂಲಿ ಮಾಡಿದ, ಕೊನೆಗೆ ರೈಲ್ವೆ ಸ್ಟೇಷನ್ನಿನಲ್ಲಿ ಮನುಷ್ಯನನ್ನೇ ‘ಕೂಲಿ’ ಅಂತ ಕರೆದರು. ಆದರೂ ‘ಇವತ್ತಿನ ಕೂಲಿ ಎಷ್ಟು?’ ಅಂತ ಈಗಲೂ ಕೇಳುತ್ತೇವೆ. ‘ಜೀತ ಎಷ್ಟು?’ ಅಂತ ಯಾರೂ ಕೇಳುವುದನ್ನು ನಾನು ಕೇಳಿಲ್ಲ. ದುಡ್ಡಿನ ಅರ್ಥ ಜೀತದಲ್ಲಿ ಮಾತ್ರ ಯಾಕೆ ಅಳಿಸಿಹೋಯಿತು?

ನನ್ನ ಊಹೆ ಇದು. ಜೀತದಲ್ಲಿ ದುಡ್ಡು ಮೊದಲೇ ಬಂದು ಖರ್ಚಾಗಿರುತ್ತದೆ. ಮದುವೆಗೋ ಕಾಯಿಲೆಗೋ ಅಪ್ಪ ಸಾಲ ತಂದಿರುತ್ತಾನೆ. ಮಗ ದನ ಕಾಯ್ದು, ಸಗಣಿ ಬಾಚಿ ಅದನ್ನು ತೀರಿಸಬೇಕು. ಅವನಿಗೆ ಕಾಣುವುದು ಎರಡು ಹೊತ್ತಿನ ಹಿಟ್ಟು, ವರ್ಷಕ್ಕೊಂದು ಜೊತೆ ಬಟ್ಟೆ, ಹೆಚ್ಚೆಂದರೆ ಒಂದು ಕಂಬಳಿ. (ಹಳೇ ಮೈಸೂರಿನ ಕಡೆ ಹಿಟ್ಟು ಅಂದರೆ ರಾಗಿಮುದ್ದೆ.) ಕೈಗೆ ಬಾರದ ಸಂಬಳದ ಹೆಸರು ದುಡಿಮೆಗೇ ಅಂಟಿಕೊಂಡಿತು ಅಂತ ಕಾಣುತ್ತದೆ.

ಕ್ರಿಯಾಪದವನ್ನೂ ನೋಡಿ. ಮಗನನ್ನು ಶಾಲೆಗೆ ‘ಸೇರಿಸುತ್ತಾರೆ’, ಜೀತಕ್ಕೆ ‘ಇಡುತ್ತಾರೆ’. ಒಡವೆಯನ್ನು ಅಡವು ಇಡುವಾಗಲೂ ಇದೇ ‘ಇಡು’.

‘ಬಿಟ್ಟಿ’ ಅನ್ನುವ ಪದ ಹೋದದ್ದು ಬೇರೆ ದಾರಿಯಲ್ಲಿ. ಮೊದಲು ಅದು ಕೂಲಿ ಕೊಡದೆ ಮಾಡಿಸಿಕೊಳ್ಳುವ ಬಲವಂತದ ಕೆಲಸ. ಈಗ ಪುಕ್ಕಟೆ ಸಿಕ್ಕಿದ್ದೆಲ್ಲ ಬಿಟ್ಟಿ. ಮಾಡಿಸಿಕೊಂಡವರ ಕಡೆಯಿಂದ ನೋಡಿದರೆ ಅದು ಮೊದಲಿನಿಂದಲೂ ಪುಕ್ಕಟೆಯೇ ಬಿಡಿ.

ಜೀತ ಪದ್ಧತಿ ರದ್ದತಿಯ 1976ರ ಕೇಂದ್ರ ಕಾಯ್ದೆಯಲ್ಲಿ ಇಂಥ ದುಡಿಮೆಯ ಪ್ರಾದೇಶಿಕ ಹೆಸರುಗಳ ಒಂದು ಪಟ್ಟಿಯೇ ಇದೆ. ಜೀತ, ಪಾಲೇರು, ವೆಟ್ಟಿ ಎಲ್ಲ ಅಲ್ಲಿವೆ. ಹಾಗೆ ಜೀತ ಅನ್ನುವುದು ಒಂದು ಅಪರಾಧದ ಹೆಸರೂ ಆಯಿತು. ‘ನಮ್ಮಲ್ಲಿ ಜೀತ ಎಲ್ಲಿದೆ, ಹುಡುಗ ಸಂಬಳಕ್ಕಿದ್ದಾನೆ ಅಷ್ಟೇ’ ಅನ್ನುವುದು ಆಮೇಲೆ ಯಜಮಾನರಿಗೆ ಅನುಕೂಲದ ಮಾತು. ಅದಕ್ಕೇ ಈ ಪುಸ್ತಕಗಳಲ್ಲಿ ಯಾವ ಪದ ಯಾರ ಬಾಯಲ್ಲಿ ಬಂದಿದೆ ಅನ್ನುವುದನ್ನು ಗಮನಿಸಬೇಕು. ಬರೆದವರು ಅದನ್ನು ಬಿಡಿಸಿ ಹೇಳುವುದು ಕಡಿಮೆ. ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯಲ್ಲಿ ಇಬ್ಬರ ಹೆಗಲಿಗೆ ನೊಗ ಹಾಕಿ ಇನ್ನೊಬ್ಬ ಹೊಲ ಉಳುತ್ತಾನೆ. ನೊಗ ಹೊತ್ತವರಲ್ಲಿ ಒಬ್ಬರು ಲೇಖಕರ ಅಪ್ಪ. ಆ ಕೆಲಸಕ್ಕೆ ಏನನ್ನುತ್ತಾರೆ ಅಂತ ಓದುಗರಿಗೆ ಟಿಪ್ಪಣಿ ಕೊಡುವ ಗೋಜಿಗೇ ಅವರು ಹೋಗುವುದಿಲ್ಲ.

ತಿಳಿದವರು ಹೇಳಿ. ಕೋಲಾರ, ಪಾವಗಡದಂಥ ತೆಲುಗು ಬೆರೆತ ಕಡೆ, ಕನ್ನಡ ಮಾತಾಡುವಾಗಲೂ ಹಿರಿಯರು ‘ವರ್ಷಕ್ಕೆ ಜೀತ ಎಷ್ಟು?’ ಅನ್ನುತ್ತಿದ್ದರಾ? ಕರಾವಳಿಯ ‘ಮೂಲದಾಳು’ ಮತ್ತು ಜೀತದಾಳು ಒಂದೇನಾ, ಅಥವಾ ಮೂಲದಾಳು ಭೂಮಿಯ ಜೊತೆಗೇ ಬರುವವನಾ? ಕಲಬುರಗಿ, ವಿಜಯಪುರದ ಕಡೆ ವರ್ಷಕ್ಕೆ ಇಟ್ಟುಕೊಂಡ ಆಳಿಗೆ ಏನಂತಾರೆ? ಸಾಧ್ಯವಾದರೆ ಬರೀ ಪದ ಬೇಡ, ಅದು ಬರುವ ಒಂದು ಪೂರ್ತಿ ವಾಕ್ಯ ಕೊಡಿ. ವಿಭಕ್ತಿ ಪ್ರತ್ಯಯ ನೋಡಬೇಕು.