ಜಗಲಿಯ ಪಾರಿವಾಳಕ್ಕೆ ಸೆನ್ಸರ್ ಸ್ಪ್ರೇಯರ್: ಎಲ್ಲಿ ಕಟ್ಟಬೇಕು, ಏಕೆ ಕೈಕೊಡುತ್ತದೆ

ಪ್ರಶ್ನೆ: ಜಗಲಿಯ ಚಾವಣಿ ಕೆಳಗಿನ ತೊಲೆ ಮೇಲೆ ಪಾರಿವಾಳ ಕೂರುತ್ತವೆ, ನೆಲವೆಲ್ಲ ಹಿಕ್ಕೆ. ಬೆಕ್ಕು, ನಾಯಿ ಓಡಿಸಲು ಮಾರುವ ಸೆನ್ಸರ್ ಸ್ಪ್ರಿಂಕ್ಲರನ್ನು ಅಂಗಳದಲ್ಲಿ ನೆಟ್ಟು ತೊಲೆಯತ್ತ ತಿರುಗಿಸಿದ್ದೇವೆ. ಮನುಷ್ಯರು ಹಾದರೆ ತಪ್ಪದೆ ಚಿಮ್ಮುತ್ತದೆ. ಪಾರಿವಾಳಕ್ಕೆ ಅಪರೂಪಕ್ಕೊಮ್ಮೆ, ಮಧ್ಯಾಹ್ನವಂತೂ ಇಲ್ಲವೇ ಇಲ್ಲ. ಸೆನ್ಸರ್ ಕೆಟ್ಟಿದೆಯಾ ಸರ್?

ಉತ್ತರ: ಕೆಟ್ಟಿಲ್ಲ, ದೂರ ಇದೆ. ಈ ಸೆನ್ಸರ್ ಗುರುತಿಸುವುದು ಚಲಿಸುವ ಬಿಸಿಯನ್ನು. ಹಕ್ಕಿಯ ಮೈಬಿಸಿ 41 ಡಿಗ್ರಿ ಆಸುಪಾಸಿದ್ದರೂ ಪುಕ್ಕ ಅದನ್ನು ಒಳಗೇ ಹಿಡಿದಿಡುತ್ತದೆ. ಹೊರಗೆ ಕಾಣುವುದು ಗೋಡೆಗಿಂತ ಸ್ವಲ್ಪವೇ ಹೆಚ್ಚಿನ ಬಿಸಿ. ಮಧ್ಯಾಹ್ನ ಗೋಡೆ ಕಾದರೆ ಆ ಅಂತರವೂ ಉಳಿಯುವುದಿಲ್ಲ. ಪೆಟ್ಟಿಗೆ ಮೇಲಿನ 8–10 ಮೀಟರ್ ದೊಡ್ಡ ಪ್ರಾಣಿಗೆ ಹೇಳಿದ್ದು. ಪಾರಿವಾಳಕ್ಕೆ 2–3 ಮೀಟರ್ ಎಂದಷ್ಟೇ ಲೆಕ್ಕ ಹಾಕಿ.

ನೆಟ್ಟ ಗೂಟ ಬಿಚ್ಚಿ, ಸೆನ್ಸರನ್ನು ಜಗಲಿಯ ಪಕ್ಕದ ಗೋಡೆಗೆ ತೊಲೆಯ ಎತ್ತರದಲ್ಲೇ ಕ್ಲಾಂಪ್ ಹಾಕಿ ಕೂರಿಸಿ. ಹಕ್ಕಿ ಅದರ ಕಣ್ಣೆದುರು ಅಡ್ಡ ಹಾಯಬೇಕು. ನೇರ ಮುಖಕ್ಕೆ ಹಾರಿ ಬಂದರೆ ಈ ಸೆನ್ಸರ್‌ಗೆ ಗೊತ್ತಾಗುವುದು ತಡ. ಬಾಗಿಲ ಕಡೆ ನೋಡುವ ಲೆನ್ಸ್ ಭಾಗಕ್ಕೆ ಅಲ್ಯೂಮಿನಿಯಂ ಟೇಪ್ ಅಂಟಿಸಿ, ಬಂದವರು ನೆನೆಯುವುದು ತಪ್ಪುತ್ತದೆ.

ಪ್ರಶ್ನೆ: ಚಿಮ್ಮಿದಾಗ ಓಡಿಹೋಗುವ ಬದಲು ಇನ್ನೂ ಒಳಮೂಲೆಗೆ ಸೇರಿಕೊಳ್ಳುತ್ತವೆ. ಏನು ಮಾಡಲಿ?

ಉತ್ತರ: ನೀರು ಹೊರಗಿನಿಂದ ಒಳಕ್ಕೆ ಬರುತ್ತಿದೆ. ಹಕ್ಕಿಗೆ ಉಳಿಯುವ ದಾರಿ ಮೂಲೆಯೊಂದೇ. ನಾಝಲ್ ಒಳಗೋಡೆಯ ಕಡೆ ಇರಲಿ, ಬಾಯಿ ಅಂಗಳದತ್ತ ಇರಲಿ. ನೀರು ತಾಗಬೇಕಾದ್ದು ಹಕ್ಕಿ ಬಂದಿಳಿಯುವ ತೊಲೆಯಂಚಿಗೆ. ಅದು ರೆಕ್ಕೆ ಮಡಚಿ ಕೂತ ಮೇಲೆ ಹೊಡೆದರೆ ಪರಿಣಾಮ ಅರ್ಧಕ್ಕರ್ಧ. ಪಾರಿವಾಳವನ್ನು ಓಡಿಸುವುದು ಬೆಚ್ಚುವಿಕೆ, ಒದ್ದೆಯಾಗುವುದಲ್ಲ. ಆದ್ದರಿಂದ 2–3 ಸೆಕೆಂಡ್ ಸಾಕು.

ಪ್ರಶ್ನೆ: ಗಿಡಗಳಿಗೆ ಹಾಕುವ ಮಂಜಿನ ನಾಝಲ್ ಮನೆಯಲ್ಲಿದೆ. ಅದನ್ನೇ ಬಳಸಬಹುದಾ?

ಉತ್ತರ: ಬೇಡ. ಬಿಸಿಲಿನ ದಿನ ಪಾರಿವಾಳಗಳು ಅದರಡಿ ರೆಕ್ಕೆ ಎತ್ತಿ ಸ್ನಾನಕ್ಕೆ ಕೂರುತ್ತವೆ. ಬೀಸಣಿಗೆಯಂತೆ ಹರಡುವ, ದಪ್ಪ ಹನಿಯ ನಾಝಲ್ ಹಾಕಿ.

ಪ್ರಶ್ನೆ: ಓವರ್‌ಹೆಡ್ ಟ್ಯಾಂಕಿನಿಂದ ಲೈನ್ ಕೊಟ್ಟಿದ್ದೇವೆ. ನೀರು ಸೊರಗಿ ಬರುತ್ತದೆ, ನಿಂತ ಮೇಲೂ ತೊಟ್ಟಿಕ್ಕುತ್ತದೆ.

ಉತ್ತರ: 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ಟ್ಯಾಂಕ್ 4 ಮೀಟರ್ ಮೇಲಿದ್ದರೆ ಸಿಗುವುದು 0.4 ಬಾರ್. ಸೊಲೆನಾಯ್ಡ್ ವಾಲ್ವಿನೊಳಗಿನ (ಸೆನ್ಸರ್ ಹೇಳಿದಾಗ ಕರೆಂಟಿನಿಂದ ತೆರೆದು ನೀರು ಬಿಡುವ ವಾಲ್ವ್) ರಬ್ಬರ್ ಪೊರೆ ಬಿಗಿಯಾಗಿ ಕೂರಲು ನೀರಿನ ಒತ್ತಡವೇ ಬೇಕು. ಒತ್ತಡ ಕಡಿಮೆಯಾದರೆ ಅದು ಅರೆಬರೆ ಮುಚ್ಚುತ್ತದೆ. ಒತ್ತಡ ಸರಿಯಿದ್ದೂ ಸೋರಿದರೆ ಮೇಲಿನ ಸ್ಕ್ರೂ ಬಿಚ್ಚಿ ಪೊರೆ ತೆಗೆದು ಬೆಳಕಿಗೆ ಹಿಡಿಯಿರಿ. ಅದರಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಒಂದು ಮರಳಿನ ಕಣ ಅಲ್ಲಿ ಸಿಕ್ಕರೂ ವಾಲ್ವ್ ಮುಚ್ಚುವುದಿಲ್ಲ. ವಾಲ್ವಿಗೆ ಮುಂಚೆ ಜಾಲರಿ ಫಿಲ್ಟರ್ ಹಾಕಿ, ಅದಕ್ಕೂ ಮುಂಚೆ ಕೈಯಿಂದ ತಿರುಗಿಸುವ ಬಾಲ್ ವಾಲ್ವ್ ಇರಲೇಬೇಕು. ಮನೆಯಲ್ಲಿ ಯಾರೂ ಇಲ್ಲದಾಗ ಸೊಲೆನಾಯ್ಡ್ ತೆರೆದೇ ಉಳಿದರೆ ಟ್ಯಾಂಕ್ ಪೂರ್ತಿ ಖಾಲಿ.

ಒತ್ತಡ ಇಲ್ಲದ ಕಡೆ 12 ವೋಲ್ಟ್ ಡಯಾಫ್ರಾಮ್ ಪಂಪ್ ಮೇಲು. 60 ವಾಟಿನ ಪಂಪ್ 5 ಆಂಪ್ ಎಳೆಯುತ್ತದೆ, 7.5 ಆಂಪ್ ಫ್ಯೂಸ್, 10 ಆಂಪ್ ರಿಲೇ (ಸೆನ್ಸರ್ ಹೇಳಿದಾಗ ಪಂಪ್ ಆನ್ ಮಾಡುವ ಸ್ವಿಚ್) ಹಾಕಿ. ನಿಮಿಷಕ್ಕೆ 5 ಲೀಟರ್ ಕೊಡುವ ಪಂಪಿನಲ್ಲಿ 3 ಸೆಕೆಂಡಿಗೆ ಕಾಲು ಲೀಟರ್ ಖರ್ಚು, 20 ಲೀಟರ್ ಕ್ಯಾನ್ 80 ಸಲಕ್ಕೆ ಸಾಕು. ಕ್ಯಾನ್ ನೆಲದ ಮೇಲೇ ಇರಲಿ. ನಾಝಲ್‌ಗಿಂತ ಎತ್ತರದಲ್ಲಿಟ್ಟರೆ ಪಂಪ್ ನಿಂತರೂ ನೀರು ಅದರ ಮೂಲಕ ಹರಿದುಬಿಡುತ್ತದೆ. ನಾಝಲ್ ಹತ್ತಿರ ಒಂದು ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಹಾಕಿ. ಪೈಪ್ ಖಾಲಿಯಾಗಿದ್ದರೆ ನೀರು ಬರುವಷ್ಟರಲ್ಲಿ ಹಕ್ಕಿ ಕೂತಾಗಿರುತ್ತದೆ.

ಪ್ರಶ್ನೆ: ಎಷ್ಟು ದಿನ ನಡೆಯುತ್ತದೆ? ಒಂದು ಮೂಲೆಯಲ್ಲಿ ಗೂಡೂ ಇದೆ.

ಉತ್ತರ: ಮೊದಲು ಗೂಡು ನೋಡಿ ಮೇಡಂ. ಮೊಟ್ಟೆ, ಮರಿ ಇದ್ದರೆ ಸ್ಪ್ರೇಯರ್ ಆಫ್ ಮಾಡಿ. ನೆನೆದ ಮರಿ ಚಳಿಗೆ ಸಾಯುತ್ತದೆ, ತಾಯಿ ಎಷ್ಟು ಚಿಮ್ಮಿಸಿದರೂ ಬಿಟ್ಟು ಹೋಗುವುದಿಲ್ಲ. ಮೊಟ್ಟೆ ಒಡೆಯಲು ಸುಮಾರು 18 ದಿನ, ಮರಿ ಹಾರಲು ಮತ್ತೊಂದು ತಿಂಗಳು. ಅಷ್ಟು ಕಾಯಲೇಬೇಕು.

ಗೂಡಿಲ್ಲದಿದ್ದರೂ ಬರೀ ನೀರನ್ನೇ ನಂಬಿ ಕೂರಬೇಡಿ, ಹಕ್ಕಿಗಳು ಅದಕ್ಕೂ ಒಗ್ಗಿಕೊಳ್ಳುತ್ತವೆ. ಸ್ಪ್ರೇಯರ್‌ನಿಂದ ಅವು ದೂರವಿರುವ ದಿನಗಳಲ್ಲೇ ತೊಲೆಯ ಮೇಲೆ 45 ಡಿಗ್ರಿಗಿಂತ ಕಡಿದಾಗಿ ನುಣುಪಾದ ಹಲಗೆ ಬಡಿಯಿರಿ, ಇಲ್ಲವೇ 50 ಮಿಲಿಮೀಟರ್ ಕಣ್ಣಿನ ಬಲೆ ಬಿಗಿದು ಕಟ್ಟಿ. ಸಡಿಲ ಬಲೆಯಲ್ಲಿ ಹಕ್ಕಿ ಸಿಕ್ಕಿ ಒದ್ದಾಡುತ್ತದೆ.

ಸ್ಪ್ರೇಯರ್ ಚಾಲೂ ಮಾಡುವ ಮುನ್ನ ಹಳೆ ಹಿಕ್ಕೆ ತೆಗೆಯಿರಿ, ಇಲ್ಲದಿದ್ದರೆ ನೀರು ಅದನ್ನೇ ಗೋಡೆಗೆಲ್ಲ ಸಿಡಿಸುತ್ತದೆ. ಒಣಗಿದ್ದನ್ನು ಗುಡಿಸಬೇಡಿ, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್, ಕೈಗವಸು ಹಾಕಿ, ಚೆನ್ನಾಗಿ ನೆನೆಸಿ ಕೆರೆದು ತೆಗೆಯಿರಿ. ಆ ಗೋಡೆಯಲ್ಲಿ ಸ್ವಿಚ್ ಅಥವಾ ಪ್ಲಗ್ ಪಾಯಿಂಟ್ ಇದ್ದರೆ ನಾಝಲ್ ಜಾಗ ಬದಲಿಸಿ. ಟೇಪ್ ಸುತ್ತಿದರೆ ಸಾಲದು.