ಏರ್ ಪಿಸ್ತೂಲ್ ಗುಂಡು ಒಮ್ಮೆ ಮೇಲೆ, ಒಮ್ಮೆ ಕೆಳಗೆ: ಗುರಿ ನೋಡುವ ಸೈಟ್ ತಪ್ಪೋ, ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಬಳೆ) ಸವೆದಿದೆಯೋ?

ಪ್ರಶ್ನೆ:
ನನ್ನದು ಸೆಕೆಂಡ್ ಹ್ಯಾಂಡ್ 10 ಮೀಟರ್ ಮ್ಯಾಚ್ ಪಿಸ್ತೂಲ್, 200 ಬಾರ್ ಒತ್ತಡದ ಗಾಳಿ ಸಿಲಿಂಡರಿನದು. ಎರಡು ವಾರದಿಂದ ಗ್ರೂಪ್ (ಗುಂಡುಗಳು ಬಿದ್ದ ಗುರುತುಗಳ ಗುಂಪು) ಮೇಲೆ-ಕೆಳಗೆ ಉದ್ದವಾಗುತ್ತಿದೆ. ಅಡ್ಡಕ್ಕೆ ಸರಿಯಾಗಿಯೇ ಇದೆ. ಸೈಟ್ ತಿರುಗಿಸಿ ತಿರುಗಿಸಿ ಸಾಕಾಗಿದೆ. ಕೋಚ್ ಅಂತೂ "ನಿನ್ನ ಕೈಯೇ ಸರಿಯಿಲ್ಲ" ಅಂತಾರೆ.

ಉತ್ತರ:
ಸೈಟ್ ಮುಟ್ಟಬೇಡಿ ಸರ್. ರಾತ್ರಿ ಸಿಲಿಂಡರ್ ಹಾಗೇ ಬಿಟ್ಟರೆ ಬೆಳಿಗ್ಗೆ ಗೇಜ್ ಇಳಿದಿರುತ್ತದಾ? ಹೊಡೆದಾಗ ಬ್ರೀಚ್ (ಗುಂಡು ಹಾಕುವ ಹಿಂಬದಿಯ ಬಾಯಿ) ಹತ್ತಿರ ಗಾಳಿ ತಾಗುತ್ತದಾ? ಗುಂಡಿನ ವೇಗ ಅಳೆಯುವ ಕ್ರೋನೋ ಸಿಕ್ಕರೆ ಹತ್ತು ಗುಂಡಿನ ವೇಗ ಬರೆದುಕೊಳ್ಳಿ.

ಪ್ರಶ್ನೆ ಕೇಳಿದವರು:
ಗೇಜ್ ಇಳಿದಿಲ್ಲ. ವೇಗ ಸೆಕೆಂಡಿಗೆ 134ರಿಂದ 150 ಮೀಟರ್, ಒಂದೊಂದು ಗುಂಡಿಗೆ ಒಂದೊಂದು. ಹೆಬ್ಬೆರಳಿಗೆ ಫುಸ್ ಅಂತ ಗಾಳಿ ಬಂದ ಹಾಗಿದೆ. ಸುಮ್ನೆ ಭ್ರಮೆಯೋ ಏನೋ.

ಉತ್ತರ:
ಭ್ರಮೆ ಅಲ್ಲ. ಬ್ರೀಚ್ ಕೂಡುವ ಜಾಗಕ್ಕೆ ಟಿಶ್ಯೂ ಪೇಪರಿನ ಸಣ್ಣ ಪಟ್ಟಿ ಅಂಟಿಸಿ, ರೇಂಜಿನಲ್ಲೇ ಟಾರ್ಗೆಟ್ ಕಡೆಗೆ ಹೊಡೆಯಿರಿ. ಪಟ್ಟಿ ಹಾರಿದರೆ ಬ್ರೀಚ್ ಓ-ರಿಂಗ್ ಸವೆದಿದೆ ಅಂತಲೇ ಲೆಕ್ಕ.

ಗಾಳಿ ಸೋರಿದಾಗ ಗುಂಡಿನ ವೇಗ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ. 150ರಲ್ಲಿ ಹೋಗುವ ಗುಂಡು 10 ಮೀಟರಿಗೆ ಸುಮಾರು 22 ಮಿಮೀ ಇಳಿಯುತ್ತದೆ. 135ರಲ್ಲಿ ಹೋದರೆ 27 ಮಿಮೀ. ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತ ಇರುವುದೇ 11.5 ಮಿಮೀ ಅಗಲ. ಅಂದರೆ ನೀವು ನಡುಮಧ್ಯಕ್ಕೆ ಹೊಡೆದರೂ ಗುಂಡು ಅಂಚಿಗೆ ಹೋಗಿ ಕೂರುತ್ತದೆ. ಕೋಚ್‌ಗೆ ಇದನ್ನು ತೋರಿಸಿ!

ಬದಲಿಸುವಾಗ ಮೊದಲು ಸಿಲಿಂಡರ್ ತೆಗೆದಿಡಿ. ಒಳಗೆ ಪೆಲೆಟ್ (ಗುಂಡು) ಇಲ್ಲ ಅಂತ ಕಣ್ಣಾರೆ ನೋಡಿ. ಹಳೇ ರಿಂಗ್ ಎಬ್ಬಿಸಲು ಮರದ ಹಲ್ಲುಕಡ್ಡಿ ಸಾಕು. ಸೂಜಿ ಹಾಕಿದರೆ ರಿಂಗ್ ಕೂರುವ ತೋಡಿಗೆ ಗೀರು ಬೀಳುತ್ತದೆ, ಆಮೇಲೆ ಹೊಸ ರಿಂಗ್ ಹಾಕಿದರೂ ಸೋರುತ್ತದೆ. ನಾನೇ ಒಮ್ಮೆ ಹೀಗೆ ಕೆಡಿಸಿಕೊಂಡಿದ್ದೇನೆ.

ಅಳತೆಗೆ ಹಳೇ ರಿಂಗನ್ನು ನಂಬಬೇಡಿ, ಅದು ಒತ್ತಿ ಚಪ್ಪಟೆಯಾಗಿರುತ್ತದೆ. ಮ್ಯಾನ್ಯುಯಲ್‌ನ ಪಾರ್ಟ್ ಚಿತ್ರದಲ್ಲಿರುವ ನಂಬರ್ ನೋಡಿ ತರಿಸುವುದೇ ಒಳ್ಳೆಯದು. ಹೊಸದಕ್ಕೆ ಸಿಲಿಕೋನ್ ಗ್ರೀಸ್ ಬೆರಳಿಗೆ ಅಂಟುವಷ್ಟು ಮಾತ್ರ ಸವರಿ. ಹೊಲಿಗೆ ಮೆಷಿನ್ ಎಣ್ಣೆ, ಇಂಜಿನ್ ಆಯಿಲ್ ಬೇಡವೇ ಬೇಡ. ಒತ್ತಡದ ಗಾಳಿ ಇರುವ ಕಡೆ ಅಂಥ ಎಣ್ಣೆ ಹೊತ್ತಿಕೊಳ್ಳಬಹುದು.

ಗಾಳಿಯ ಒತ್ತಡ ಹದದಲ್ಲಿಡುವ ರೆಗ್ಯುಲೇಟರ್, ಸಿಲಿಂಡರ್ ವಾಲ್ವ್ ಮಾತ್ರ ಬಿಚ್ಚಬೇಡಿ. ಅದು ಸರ್ವಿಸ್‌ನವರ ಕೆಲಸ.

ಪ್ರಶ್ನೆ ಕೇಳಿದವರು:
ಟಿಶ್ಯೂ ಹಾರಿತು! ಬಿಚ್ಚಿ ನೋಡಿದರೆ ರಿಂಗಿನ ಒಂದು ಕಡೆ ಸಣ್ಣ ಕಚ್ಚು. ಹೊಸದು ಹಾಕಿದೆ, ಈಗ 148ರಿಂದ 151. ಕೋಚ್ ಏನೂ ಮಾತಾಡಲಿಲ್ಲ. ಥ್ಯಾಂಕ್ಸ್ ಸರ್.

ಉತ್ತರ:
ಎರಡು ರಿಂಗ್ ಜಾಸ್ತಿ ತಂದು ಡಬ್ಬಿಯಲ್ಲಿ ಇಟ್ಟಿರಿ. ಇನ್ನೊಂದು, ಸೆಕೆಂಡ್ ಹ್ಯಾಂಡ್ ಅಂದಿರಲ್ವಾ? ಸಿಲಿಂಡರ್ ಮೇಲೆ ಯಾವ ವರ್ಷ ಕೆತ್ತಿದೆ?

ಪ್ರಶ್ನೆ ಕೇಳಿದವರು:
2012.

ಉತ್ತರ:
ಹಾಗಾದರೆ ಇವತ್ತಿಂದ ಅದಕ್ಕೆ ಗಾಳಿ ತುಂಬಬೇಡಿ. ಇಂಥ ಸಿಲಿಂಡರಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ಅವಧಿ 10 ವರ್ಷ. ಐಎಸ್‌ಎಸ್‌ಎಫ್ (ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲೂ ಅವಧಿ ನೋಡಿಕೊಳ್ಳುವ ಹೊಣೆ ಶೂಟರ್‌ನದೇ. ಉಳಿದ ಗಾಳಿ ನಿಧಾನ ಬಿಟ್ಟು, ಹೊಸ ಸಿಲಿಂಡರಿಗೆ ಆರ್ಡರ್ ಮಾಡಿ.